ಕೋಣಕ್ಕೆ ಎರಡು ಪವನು, ನನಗೊಂದು ಪೇಟ

ಬರೆದ ಪುಸ್ತಕಕ್ಕೆ ಮರ್ಯಾದೆ ಸಲ್ಲಬೇಕೆಂದು ಹಟ ಹಿಡಿದ ಮೊದಲ ಮೂಡುಬಿದಿರೆಯವ ನಾನಲ್ಲ. ಆ ಕೀರ್ತಿ ರತ್ನಾಕರವರ್ಣಿಯದು. ಹದಿನಾರನೆಯ ಶತಮಾನದಲ್ಲಿ ಹತ್ತು ಸಾವಿರದ ಹತ್ತಿರ ಸಾಂಗತ್ಯ ಪದ್ಯಗಳ ‘ಭರತೇಶ ವೈಭವ’ ಬರೆದು ಮುಗಿಸಿದ ಮೇಲೆ, ಗ್ರಂಥವನ್ನು ಆನೆಯ ಮೇಲಿಟ್ಟು ಮೆರವಣಿಗೆ ಮಾಡಿಸಬೇಕು ಎಂದು ಆತ ಭಟ್ಟಾರಕರಲ್ಲಿ ಕೇಳಿದನಂತೆ. ಎರಡು ಮೂರು ಪದ್ಯ ಶಾಸ್ತ್ರಕ್ಕೆ ಹೊಂದುವುದಿಲ್ಲ, ಆನೆ ಕೊಡಲಿಕ್ಕಾಗದು ಎಂದರಂತೆ ಅವರು. ಮಾತಿಗೆ ಮಾತು ಬೆಳೆಯಿತು. ಕವಿ ಸಿಟ್ಟಿನ ಭರದಲ್ಲಿ ಜೈನ ಮತವನ್ನೇ ಬಿಟ್ಟು ವೀರಶೈವನಾದ, ಸಿಟ್ಟು ಇಳಿದ ಮೇಲೆ ತಿರುಗಿ ಬಂದ ಎಂದು ದೇವಚಂದ್ರನ ‘ರಾಜಾವಳಿ ಕಥೆ’ಯಲ್ಲಿದೆ. ನಡೆದದ್ದೋ ಕಟ್ಟಿದ್ದೋ, ಪುಸ್ತಕ ಬರೆದವರ ಸ್ವಭಾವವಂತೂ ಅದರಲ್ಲಿ ಸರಿಯಾಗಿ ಬಂದಿದೆ. ಹತ್ತು ಸಾವಿರ ಪದ್ಯಕ್ಕೆ ಒಂದು ಆನೆ ದುಬಾರಿಯಲ್ಲ. ನಾನು ನೂರು ಚಿಲ್ಲರೆ ಪುಟಕ್ಕೆ ಆಸೆಪಟ್ಟದ್ದು ಅದಕ್ಕಿಂತ ಜಾಸ್ತಿ.

ನನಗೆ ಸಾಹಿತ್ಯದ ಗಾಳಿ ಬಡಿದದ್ದು ತಡವಾಗಿ. 2003ರ ಡಿಸೆಂಬರಿನಲ್ಲಿ ಕಮಲಾ ಹಂಪನಾ ಅವರ ಅಧ್ಯಕ್ಷತೆಯಲ್ಲಿ 71ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಮೂಡುಬಿದಿರೆಯಲ್ಲೇ ನಡೆದಾಗ ನಾನು ತಪ್ಪದೆ ಹಾಜರಿದ್ದೆ, ಊಟದ ಚಪ್ಪರದಲ್ಲಿ. ಗೋಷ್ಠಿಗಳಲ್ಲಿ ಏನಾಯಿತೆಂಬುದನ್ನು ಮರುದಿನದ ಪತ್ರಿಕೆ ನೋಡಿ ತಿಳಿದುಕೊಂಡೆ. ಪಾಯಸ ಮುಗಿಸಿ ಕೈತೊಳೆದು ಒಮ್ಮೆ ವೇದಿಕೆಯ ಕಡೆ ಹಣಕಿದಾಗ, ಶಾಲು ಹೊದ್ದವರು ಸಾಲಾಗಿ ಕೂತಿದ್ದರು. ಬೇರೇನೂ ಮಾಡುತ್ತಿರಲಿಲ್ಲ. ಕೂತಿದ್ದರು ಅಷ್ಟೇ. ಇಪ್ಪತ್ತು ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತ ಅನುಭವ ನನಗೂ ಇತ್ತಲ್ಲ, ಇದು ನನ್ನಿಂದ ಆಗದ ಕೆಲಸವಲ್ಲ ಅನ್ನಿಸಿತು.

ನಿವೃತ್ತಿಯಾಯಿತು, ಸಮಯ ಸಿಕ್ಕಿತು, ವಿಷಯ ಸಿಗಲಿಲ್ಲ. ಅದನ್ನು ತಂದುಕೊಟ್ಟವನು ನನ್ನ ತಂಗಿಯ ಮಗ. ಬೆಂಗಳೂರಿನಲ್ಲಿ 1876ರಿಂದ ಗಾಲ್ಫ್ ಕ್ಲಬ್ಬು ಉಂಟು. ಇವನಿಗೆ ಗಾಲ್ಫಿನ ಹುಚ್ಚು ಹಿಡಿದದ್ದು ಮಾತ್ರ ಸಂಬಳ ಹೆಚ್ಚಾದ ಮೇಲೆ. ರಜೆಗೆ ಬಂದವನ ಚೀಲದಲ್ಲಿ ಒಂದು ಇಂಗ್ಲಿಷ್ ಪುಸ್ತಕವಿತ್ತು. ಡೇನಿಯಲ್ ವೆಕ್ಸ್ಲರ್ ಎಂಬವರು 2000ದಲ್ಲಿ ತಂದ ‘ದ ಮಿಸ್ಸಿಂಗ್ ಲಿಂಕ್ಸ್’. ಅಮೆರಿಕದಲ್ಲಿ ಒಂದು ಕಾಲಕ್ಕೆ ಹೆಸರು ಮಾಡಿ ಆಮೇಲೆ ಇಲ್ಲವಾದ ಗಾಲ್ಫ್ ಮೈದಾನಗಳ ಚರಿತ್ರೆ. ಕೆಲವನ್ನು ಆರ್ಥಿಕ ಕುಸಿತ ನುಂಗಿತು, ಕೆಲವನ್ನು ಯುದ್ಧ, ಉಳಿದವನ್ನು ಮನೆ ಸೈಟು.

“ಇದನ್ನು ಯಾರು ಓದ್ತಾರೆ ಮಾರಾಯ?” ಎಂದೆ.

“ಓದುವುದು ಮಾತ್ರ ಅಲ್ಲ ಮಾಮ, ಒಂದೊಂದು ಸೀಮೆಯ ಮಾಯವಾದ ಮೈದಾನದ ಮೇಲೆ ಬರೆದವರಿಗೆ ಅಲ್ಲಿ ಪ್ರಶಸ್ತಿ ಕೂಡ ಕೊಡ್ತಾರೆ” ಎಂದ.

ನನ್ನ ಕಿವಿ ನೆಟ್ಟಗಾದದ್ದು ಆಗ. ಒಂದು ಮೈದಾನದಲ್ಲಿ ಎಷ್ಟು ಕುಳಿ ಎಂದು ಕೇಳಿದೆ. ಹದಿನೆಂಟು ಎಂದ. ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಎಂದು ಹೇಳಿಕೊಂಡೇ ಬೆಳೆದವನಿಗೆ ಇನ್ನೇನು ಬೇಕು? ಇದು ನಮ್ಮೂರಿನ ವಿಷಯವೇ ಎಂದು ಅಲ್ಲೇ ತೀರ್ಮಾನಿಸಿದೆ. ತೊಡಕು ಒಂದೇ. ಮೈದಾನ ಮಾಯವಾಗಬೇಕಾದರೆ ಮೊದಲು ಇರಬೇಕು. ಮಂಗಳೂರು ದಾರಿಯಲ್ಲಿ ಪಿಲಿಕುಳದಲ್ಲಿ ಒಂದು ಗಾಲ್ಫ್ ಮೈದಾನವೇನೋ ಉಂಟು. ಬಸ್ಸಿನ ಕಿಟಕಿಯಲ್ಲಿ ಕತ್ತು ಉದ್ದ ಮಾಡಿ ನೋಡಿದೆ, ಸದ್ಯಕ್ಕೆ ಮಾಯವಾಗುವ ಲಕ್ಷಣ ಕಾಣಲಿಲ್ಲ.

ಹಾಗೆ ಗಾಲ್ಫು ಹೋಗಿ, ಕೆಸರುಗದ್ದೆಯಲ್ಲಿ ಕೋಣ ಓಡಿಸುವ ನಮ್ಮ ಕಂಬಳ ಬಂತು. ಪುಸ್ತಕಕ್ಕೆ ‘ಮಾಯವಾದ ಕಂಬಳಗದ್ದೆಗಳು’ ಎಂದು ಹೆಸರಿಟ್ಟೆ. ಬರೆಯುವ ಮೊದಲೇ ಹೆಸರಿಟ್ಟದ್ದು, ಮುನ್ನುಡಿಯಲ್ಲಿ ಪ್ರಶಸ್ತಿ ಸಮಿತಿಗಳಿಗೆ ಮುಂಗಡವಾಗಿ ವಂದನೆ ಸಲ್ಲಿಸಿದ್ದು ಈಗ ಬೇಡ.

ದೀಪ ಹಾಕಿ, ಮೈಕು ಕಟ್ಟಿ, ಲೇಸರ್ ಇಟ್ಟು ಹಗಲೂ ರಾತ್ರಿ ನಡೆಸುವ ಜೋಡುಕರೆ, ಅಂದರೆ ಎರಡು ಓಟದ ಸಾಲಿನ, ಕಂಬಳಗಳು ಎಲ್ಲರಿಗೂ ಗೊತ್ತು. ಮೂಡುಬಿದಿರೆಯ ಕಡಲಕೆರೆಯಲ್ಲಿ ಕೋಟಿ-ಚೆನ್ನಯ, ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಸೂರ್ಯ-ಚಂದ್ರ, ಬಂಟ್ವಾಳದ ಹೊಕ್ಕಾಡಿಗೋಳಿಯಲ್ಲಿ ವೀರ-ವಿಕ್ರಮ. ಇವು ಮಾಯವಾಗಿಲ್ಲ, ವರ್ಷದಿಂದ ವರ್ಷಕ್ಕೆ ಉಬ್ಬುತ್ತಿವೆ. ನನಗೆ ಬೇಕಾದದ್ದು ಇವುಗಳ ಅಜ್ಜಂದಿರು: ಗುತ್ತಿನ ಮನೆ, ಬೀಡು, ದೊಡ್ಡ ಬೇಸಾಯದ ಮನೆಗಳ ಎದುರಿನ ಬಾಕಿಮಾರು ಗದ್ದೆಯಲ್ಲಿ ವರ್ಷಕ್ಕೊಮ್ಮೆ ದೈವದ ಹೆಸರಿನಲ್ಲಿ ಕೋಣ ಇಳಿಸಿ, ನಡುವೆ ಪೂಕರೆಯೆಂಬ ಹೂಕಂಬ ನೆಟ್ಟು, ಸಂಜೆಯೊಳಗೆ ಮುಗಿಸುತ್ತಿದ್ದ ಮನೆ ಕಂಬಳಗಳು. ಗೆದ್ದವರಿಗೆ ತೆಂಗಿನಕಾಯಿ, ಬಾಳೆಗೊನೆ. ಸೋತವರಿಗೂ ಊಟ.

ಬಂಟ್ವಾಳದ ಕಡೆಯಿಂದ ಶುರುಮಾಡಿದೆ. ಸಿದ್ಧಕಟ್ಟೆ ದಾಟಿ ಒಳದಾರಿಯಲ್ಲಿ ಒಂದು ದೊಡ್ಡ ಮನೆ. ನನ್ನದು ಬಿಳಿ ಅಂಗಿ, ಬಗಲಲ್ಲಿ ಫೈಲು, ಕೈಯಲ್ಲಿ ಅಳೆಯುವ ಟೇಪು. ನಮ್ಮ ಕಡೆ ಹೀಗೆ ಬಂದವನು ಯಾರಿಗೂ ಒಳ್ಳೆಯದು ಮಾಡಿದ್ದಿಲ್ಲ ಎಂಬುದು ಅಂಗಳಕ್ಕೆ ಕಾಲಿಟ್ಟ ಮೇಲೆ ಹೊಳೆಯಿತು. ಯಜಮಾನರು ಜಗಲಿಯಿಂದ ಏಳಲೂ ಇಲ್ಲ.

“ಎಷ್ಟು ಸೆಂಟ್ಸ್ ಹೋಗ್ತದೆ?”

“ಅದಲ್ಲ, ನಾನು...”

“ರಸ್ತೆಗಾ, ಪೈಪಿಗಾ, ಕರೆಂಟಿನ ಟವರಿಗಾ? ಅದಾದರೂ ಹೇಳಿ.”

ಕಂಬಳಗದ್ದೆ ನೋಡಲು ಬಂದವನು ಎಂದೆ. ಅವರ ಅನುಮಾನ ಇನ್ನೂ ಗಟ್ಟಿಯಾಯಿತು. “ಯಾವ ಕಂಬಳ? ನಮ್ಮಲ್ಲಿ ಕಂಬಳವೇ ಇರಲಿಲ್ಲ” ಎಂದುಬಿಟ್ಟರು. ಗದ್ದೆ ಇತ್ತು ಎಂದು ಒಪ್ಪಿಕೊಂಡರೆ ನಿಂತುಹೋದ ಸೇವೆಯ ಬಾಕಿಯನ್ನು ದೈವ ಕೇಳುತ್ತದೆ, ದೈವ ಬಿಟ್ಟರೂ ಸರಕಾರ ಕೇಳುತ್ತದೆ. ಅಷ್ಟರಲ್ಲಿ ಒಳಗಿನಿಂದ ಅವರ ಅಮ್ಮ, ತೊಂಬತ್ತರ ಆಸುಪಾಸಿನ ಅಜ್ಜಿ, ಮಗನಿಗೆ ತುಳುವಿನಲ್ಲಿ ಎರಡು ಮಾತು ಬೈದು, ಊರುಗೋಲು ಹಿಡಿದು ನನ್ನನ್ನು ನೇರ ಅಡಿಕೆ ತೋಟಕ್ಕೆ ಕರೆದುಕೊಂಡು ಹೋದರು.

ತೋಟದ ನಡುವೆ ನಿಂತು ಕೋಲು ಎತ್ತಿ ತೋರಿಸಿದರು. ಸಾಲು ಸಾಲು ಅಡಿಕೆ ಮರಗಳ ಮಧ್ಯೆ ಒಂದು ಮರದಷ್ಟು ಜಾಗ ಖಾಲಿ. ಸೋಗೆ ಬಿದ್ದಿತ್ತು, ಕಳೆ ಬೆಳೆದಿತ್ತು, ಬುಡ ಇರಲಿಲ್ಲ. ಪೂಕರೆ ನೆಡುತ್ತಿದ್ದದ್ದು ಅಲ್ಲಿಯಂತೆ. ಬಿದಿರಿನ ಬಳೆಗಳಿಗೆ ಹೂ ಸುತ್ತಿ, ಉದ್ದದ ಕಂಬಕ್ಕೆ ಏರಿಸಿ, ಕೆಸರಿನ ನಡುವೆ ಊರಿದರೆ ಆ ವರ್ಷದ ಕಂಬಳ ಮುಗಿಯಿತು, ಮರುದಿನ ನೇಜಿ ನಾಟಿ. “ಅಲ್ಲಿ ಗಿಡ ಇಟ್ಟರೆ ಉಳಿಯುವುದಿಲ್ಲ” ಎಂದರು ಅಜ್ಜಿ. ಉಳಿಯಲಿಲ್ಲವೋ, ಯಾರೂ ಇಡಲೇ ಇಲ್ಲವೋ, ನಾನು ಕೇಳಲಿಲ್ಲ. ಇಂಥ ಮಾತು ಬಂದಾಗ ಬರೆದುಕೊಳ್ಳಬೇಕು, ಅಡ್ಡಪ್ರಶ್ನೆ ಹಾಕಬಾರದು. ಆ ಖಾಲಿ ಜಾಗದ ಫೋಟೋ ಹಿಡಿಯಲು ನಾಲ್ಕು ಹೆಜ್ಜೆ ಹಿಂದಕ್ಕೆ ಹೋದೆ. ತೋಟದ ಕಣಿ ನನ್ನ ಬೆನ್ನ ಹಿಂದೆಯೇ ಇತ್ತು. ಸೊಂಟದ ತನಕ ಹೋದೆ, ಫೈಲು ಅದಕ್ಕಿಂತ ಕೆಳಗೆ ಹೋಯಿತು.

ಅಜ್ಜಿ ಕೈ ಕೊಡಲಿಲ್ಲ. “ಗದ್ದೆ ಮಾಯ ಆಗಿದೆ ಅಂದಿರಲ್ಲ, ಕೆಸರು ಸಿಕ್ಕಿತಾ?” ಎಂದರು.

ನಾನು ಕಾಲು ತೊಳೆದು, ಯಜಮಾನರದೇ ಒಂದು ಹಳೆಯ ಲುಂಗಿ ಉಟ್ಟು ಜಗಲಿಯಲ್ಲಿ ಕೂತ ಮೇಲೆ ಅವರಿಗೆ ನನ್ನ ಮೇಲೆ ನಂಬಿಕೆ ಬಂತು. ಸರಕಾರದವನು ಇಷ್ಟು ಒದ್ದೆಯಾಗುವುದಿಲ್ಲ. ಆಗ ಹೇಳಿದ್ದು ಗದ್ದೆಯ ನಿಜವಾದ ಕತೆ. 1974ರಲ್ಲಿ ಭೂಸುಧಾರಣೆ ಕಾಯಿದೆಗೆ ದೊಡ್ಡ ತಿದ್ದುಪಡಿ ಬಂದು ಉಳುವವನೇ ಹೊಲದೊಡೆಯ ಎಂದಾದಾಗ ಒಕ್ಕಲುಗಳು ಡಿಕ್ಲರೇಶನ್ ಹಾಕಿದರು. ಟ್ರಿಬ್ಯುನಲಿನಲ್ಲಿ ತೀರ್ಮಾನವಾಗಿ ಬಂದಾಗ ಕರೆಯ ಗಂತು, ಅಂದರೆ ಕೋಣ ಹೊರಡುವ ತುದಿ, ಒಕ್ಕಲಿನವರ ಪಾಲಿಗೆ. ಮುಟ್ಟುವ ತುದಿಯಾದ ಮಂಜೊಟ್ಟಿ ಗುತ್ತಿನವರ ಪಾಲಿಗೆ. ಕೋಣ ಓಡುತ್ತ ಓಡುತ್ತ ಸರ್ವೆ ನಂಬರು ದಾಟಬೇಕು. ಎರಡು ವರ್ಷ ಎರಡೂ ಕಡೆಯವರು ಒಬ್ಬರನ್ನೊಬ್ಬರು ಕೇಳಿ ನಡೆಸಿದರು, ಮೂರನೆಯ ವರ್ಷ ಕೇಳುವುದು ಯಾರು ಮೊದಲು ಎಂಬಲ್ಲಿಗೆ ನಿಂತಿತು. ಒಡೆತನ ಸಿಕ್ಕಿದವರನ್ನು ದೂರುವ ಮಾತು ಒಂದೂ ಅವರ ಬಾಯಲ್ಲಿ ಬರಲಿಲ್ಲ. ಅವರ ಸಿಟ್ಟೆಲ್ಲ ಬೇಸಾಯದ ಮೇಲೆ. ಮಕ್ಕಳು ಮುಂಬಯಿ, ದುಬೈ ಎಂದು ಹೋದರು, ಉಳಲಿಕ್ಕೆ ಟಿಲ್ಲರ್ ಬಂತು, ಭತ್ತಕ್ಕೆ ರೇಟಿಲ್ಲ, ಅಡಿಕೆಗೆ ಉಂಟು. ನ್ಯಾಯದ ಕಾಯಿದೆ ಬಂದದ್ದೂ ಸರಿ, ಕಂಬಳ ನಿಂತದ್ದೂ ಸರಿ ಎಂದು ಎರಡನ್ನೂ ಒಪ್ಪುವ ಮನುಷ್ಯರನ್ನು ನಾನು ಪುಸ್ತಕಗಳಲ್ಲಿ ಕಂಡದ್ದು ಕಡಿಮೆ.

ಬೆಳ್ತಂಗಡಿ ಕಡೆಯ ಸಂಶೋಧನೆಯಲ್ಲಿ ಊಟ ಚೆನ್ನಾಗಿತ್ತು. ಗುರುವಾಯನಕೆರೆಯಿಂದ ಒಳಗೆ ಒಂದು ಕಂಬಳಗದ್ದೆಯನ್ನು ಹುಡುಕಿ ಹೋದರೆ ಅದು ಸಭಾಭವನವಾಗಿತ್ತು. ಮುಹೂರ್ತದ ದಿನ. ಮಂಜೊಟ್ಟಿ ಇದ್ದ ಕಡೆ ಮಂಟಪ, ಗಂತಿನ ಕಡೆ ಐಸ್‌ಕ್ರೀಮು. ನಾನು ಟೇಪು ಬಿಚ್ಚಿ ಬಾಗಿಲಿನಿಂದ ವೇದಿಕೆಗೆ ಅಳೆಯುತ್ತಿದ್ದಾಗ ಜರಿ ಶಾಲಿನ ಹಿರಿಯರೊಬ್ಬರು ಬಂದು ವಿನಯದಿಂದಲೇ ವಿಚಾರಿಸಿದರು, “ನೀವು ಹುಡುಗನ ಕಡೆಯವರಾ, ಹುಡುಗಿ ಕಡೆಯವರಾ?”

“ಕೋಣನ ಕಡೆಯವ” ಎಂದುಬಿಟ್ಟೆ. ಹುಡುಗನ ತಂದೆ ಅವರೇ ಎಂದು ನನಗೇನು ಗೊತ್ತು?

ಹೀಗೆ ಗದ್ದೆಗಳು ಸಿಗುತ್ತ ಹೋದವು: ಒಂದು ರಬ್ಬರ್ ತೋಟ, ಒಂದು ಶಾಲೆಯ ಮೈದಾನ, ಒಂದು ಪೆಟ್ರೋಲ್ ಬಂಕ್, ಒಂದರಲ್ಲಿ ಏನೂ ಇಲ್ಲದೆ ಬರೀ ಪಾಲು ದಾವೆ. ನನ್ನ ಕೆಟ್ಟ ಬುದ್ಧಿಯನ್ನೂ ಇಲ್ಲೇ ಹೇಳಬೇಕು. ಮಾಯವಾದದ್ದರ ಬಗ್ಗೆ ಬರೆಯುವವನಿಗೆ ಏನಾದರೂ ಮಾಯವಾದರೆ ಒಳಗೊಳಗೆ ಖುಷಿ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಪ್ರಕರಣದಲ್ಲಿ ತೀರ್ಪು ಕೊಟ್ಟು, ಅದರ ಬಿಸಿ ಕಂಬಳಕ್ಕೂ ತಟ್ಟಿ, 2016ರ ಕೊನೆಗೆ ಹೈಕೋರ್ಟಿನ ತಡೆಯೂ ಬಂದದ್ದನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಗುರುತು ಮಾಡಿಕೊಳ್ಳುವಾಗ ಪುಸ್ತಕ ಎಷ್ಟು ದಪ್ಪವಾಗಬಹುದಿತ್ತು ಎಂದು ಲೆಕ್ಕ ಹಾಕಿದ್ದೇನೆ. ಆದರೆ 2017ರಲ್ಲಿ ರಾಜ್ಯ ಸರಕಾರ ಕಾಯಿದೆ ತಿದ್ದಿತು, 2018ರಲ್ಲಿ ರಾಷ್ಟ್ರಪತಿಯ ಅಂಕಿತ ಬಿತ್ತು, 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಆ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಅದೇ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹೊಸದಾಗಿ ಕರೆ ಅಗೆದು ಕಂಬಳ ಮಾಡಿದರು. ಇಲ್ಲಿ ಗದ್ದೆ ಹುಡುಕುತ್ತ ನಾನು ಕಣಿಗೆ ಬಿದ್ದರೆ ಅಲ್ಲಿ ಗದ್ದೆಯೇ ಇಲ್ಲದ ಕಡೆ ಗದ್ದೆ ಹುಟ್ಟಿತು.

ಅಚ್ಚಿನ ಕತೆ ಬೇಡ. ಸ್ವಂತ ದುಡ್ಡು, ಸ್ವಂತ ಕಟ್ಟು, ಸ್ವಂತ ಅಟ್ಟ.

ಪ್ರಶಸ್ತಿಯ ಕತೆ ಹೇಳಬೇಕು. ಪತ್ರಿಕೆಯ ಒಳಪುಟಗಳಲ್ಲಿ ‘ಕೃತಿಗಳ ಆಹ್ವಾನ’ ಎಂದು ಸಣ್ಣ ಅಕ್ಷರದಲ್ಲಿ ಬರುತ್ತದಲ್ಲ, ಅದನ್ನು ಕತ್ತರಿಸಿಡಲಿಕ್ಕೆ ನಮ್ಮ ಮನೆಯಲ್ಲಿ ಬೇರೆಯೇ ಕತ್ತರಿ ಬಂತು. ಪ್ರತಿಯೊಂದಕ್ಕೂ ನಾಲ್ಕು ನಾಲ್ಕು ಪ್ರತಿ, ಜತೆಗೆ ಪ್ರವೇಶ ಶುಲ್ಕ. ಅಟ್ಟದ ಕಟ್ಟು ಕರಗುತ್ತಿರುವುದನ್ನು ನೋಡಿ ಹೆಂಡತಿ, “ಪುಸ್ತಕ ಒಳ್ಳೆ ಖರ್ಚಾಗ್ತಾ ಉಂಟಲ್ಲ” ಎಂದು ನೆರೆಯವರಲ್ಲಿ ಹೇಳಿಕೊಂಡಳು. ಖರ್ಚಾಗುತ್ತಿದ್ದದ್ದು ಹೌದು.

ಕಡೆಗೆ ಘಟ್ಟದ ಮೇಲಿನ ಒಂದು ಊರಿನಿಂದ ಪತ್ರ ಬಂತು. ಸಂಘದ ಹೆಸರು ಬೇಡ; ಹೆಸರಿಗಿಂತ ಫೋನ್ ನಂಬರುಗಳೇ ದಪ್ಪ ಅಕ್ಷರದಲ್ಲಿದ್ದವು. ನನಗೆ ರಾಜ್ಯಮಟ್ಟದ ಪ್ರಶಸ್ತಿ. ಫೋನು ಮಾಡಿದೆ.

“ಸರ್, ಪ್ರಶಸ್ತಿ ಪೂರಾ ಉಚಿತ. ಶಾಲು, ಹಾರ, ಪೇಟ, ಸ್ಮರಣಿಕೆಯ ಸಣ್ಣ ಖರ್ಚು ಮಾತ್ರ ಸಾಧಕರದ್ದು.”

ಬ್ಯಾಂಕಿನಲ್ಲಿದ್ದವನು, ಚೌಕಾಶಿ ಮಾಡದೆ ಇರಲಾಗುತ್ತದೆಯೇ? ಹಾರ ಬಿಟ್ಟರೆ ಎಷ್ಟು ಎಂದೆ. ಹಾರ ಬಿಟ್ಟರೆ ಫೋಟೋ ಬರುವುದಿಲ್ಲ ಎಂದರು. ಪೇಟ ಬಿಟ್ಟರೆ? ಮುನ್ನೂರು ಕಡಿಮೆ. ಪೇಟ ಬೇಡ ಎಂದು ಹೇಳಿ ಫೋನು ಇಟ್ಟೆ. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದವನು ಮತ್ತೆ ಫೋನು ಮಾಡಿ ಪೇಟವೂ ಇರಲಿ ಎಂದೆ.

ಹೋಗಿ ನೋಡಿದರೆ ವೇದಿಕೆಯಲ್ಲಿ ಜಾಗವಿಲ್ಲ. ಸಾಧಕರು ಮೆಟ್ಟಿಲ ತನಕ ನಿಂತಿದ್ದರು. ಜ್ಯೋತಿಷ್ಯ, ಯೋಗ, ಕೋಳಿ ಸಾಕಣೆ, ಭರತನಾಟ್ಯ, ಬೋರ್‌ವೆಲ್ ಎಂದು ವಿಭಾಗಗಳು. ಸಾಹಿತ್ಯ ವಿಭಾಗದಲ್ಲಿ ನನ್ನ ಹೆಸರು ಕರೆಯಲಿಲ್ಲ. ಕಲೆಯಲ್ಲೂ ಇಲ್ಲ. ಎದೆ ಹೊಡೆದುಕೊಳ್ಳತೊಡಗಿತು. ಆಮೇಲೆ ಕ್ರೀಡಾ ವಿಭಾಗ ಬಂತು, ನನ್ನನ್ನು ಕರೆದರು. ಪುಸ್ತಕವನ್ನು ಯಾರೂ ತೆರೆದಿರಲಿಲ್ಲ. ಮುಖಪುಟದಲ್ಲಿ ಕೋಣಗಳ ಹಿಂದೆ ಓಡುತ್ತಿರುವ ಹುಡುಗನ ಚಿತ್ರ ಇತ್ತು, ಕೆಳಗೆ ನನ್ನ ಹೆಸರು ಇತ್ತು. ಎರಡನ್ನೂ ಸೇರಿಸಿ ಓದಿದ್ದರು.

ನಿರೂಪಕಿ ನನ್ನ ಹೊಟ್ಟೆಯನ್ನು ಒಮ್ಮೆ, ಕೈಯಲ್ಲಿದ್ದ ಚೀಟಿಯನ್ನು ಒಮ್ಮೆ ನೋಡಿ, “ಸರ್, ನೂರು ಮೀಟರಿಗೆ ಎಷ್ಟು ಸೆಕೆಂಡು?” ಎಂದು ಮೈಕಿನಲ್ಲೇ ಕೇಳಿದಳು. ಓಡಿದವ ನಾನಲ್ಲ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಆದರೆ ಪೇಟಕ್ಕೆ ಮುನ್ನೂರು ಕೊಟ್ಟಾಗಿತ್ತು. ನಾನು ನೇರ ಉತ್ತರ ಬಿಟ್ಟು, 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು, ಅದನ್ನು ನೂರು ಮೀಟರಿಗೆ ಇಳಿಸಿದರೆ 9.55 ಎಂದು ಜನ ಲೆಕ್ಕ ಹಾಕಿದ್ದು, ಉಸೇನ್ ಬೋಲ್ಟ್ ದಾಖಲೆ 9.58, ಆದರೆ ಕೆಸರಲ್ಲಿ ಕೋಣ ಎಳೆಯುವುದಕ್ಕೂ ಟ್ರ್ಯಾಕಿಗೂ ತಾಳೆ ಹಾಕಬಾರದು, ಕೆಲವೇ ದಿನದಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರನ್ನು 13.61ರಲ್ಲೇ ಮುಟ್ಟಿದರು, ಅಶ್ವತ್ಥಪುರ ನಮ್ಮೂರಿಗೆ ಹತ್ತಿರ ಎಂದೆಲ್ಲ ಹೇಳಿದೆ. ಅವಳಿಗೆ ಕೊನೆಯದು ಮಾತ್ರ ಸಾಕಾಯಿತು. “ಉಸೇನ್ ಬೋಲ್ಟನ್ನೇ ಸೋಲಿಸಿದವರ ಗುರುಗಳು ನಮ್ಮೊಂದಿಗಿದ್ದಾರೆ!” ಎಂದು ಘೋಷಿಸಿದಳು.

ಸಭೆಯಲ್ಲಿ ‘ಕಾಂತಾರ’ ಸಿನಿಮಾದ ಕಂಬಳ ನೋಡದವರು ಯಾರೂ ಇರಲಿಲ್ಲ. “ಒಂದ್ಸಲ ಕೂಗಿ ಸಾರ್!” ಎಂದು ಯಾರೋ ಕಿರುಚಿದರು. ಒಬ್ಬ ಕಿರುಚಿದ ಮೇಲೆ ಎಲ್ಲರೂ. ಹಾರ ಹಾಕಿ, ಶಾಲು ಹೊದ್ದು, ಪೇಟ ಇಟ್ಟು, ಬಾಯಿ ತೆರೆದೆ. ಹೊರಗೆ ಬಂದದ್ದು ಕೆಮ್ಮು. ಹಿಂದಿನ ಸಾಲಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ದೂರವಿದ್ದುದರಿಂದ ಸರಿಯಾಗಿ ಕೇಳಿಸಿರಲಿಕ್ಕಿಲ್ಲ. ಪ್ರಮಾಣಪತ್ರ ಮನೆಗೆ ಬಂದು ಬಿಚ್ಚಿ ನೋಡಿದರೆ ‘ಉದಯೋನ್ಮುಖ ಕ್ರೀಡಾಪಟು’.

ಶಿವರಾಮ ಕಾರಂತರು ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣವನ್ನೇ ಹಿಂದಿರುಗಿಸಿದವರು. ಅದೇ ಜಿಲ್ಲೆಯ ಗಾಳಿ ಕುಡಿದವ ನಾನು, ಸ್ವಾಭಿಮಾನ ಕೆರಳಿತು. ಪ್ರಶಸ್ತಿ ವಾಪಸು ಮಾಡುತ್ತೇನೆ ಎಂದು ಫೋನು ಮಾಡಿದೆ. “ಆಗಲಿ ಸರ್, ವಾಪಸು ಸ್ವೀಕಾರ ಸಮಾರಂಭಕ್ಕೆ ಬೇರೆ ಚಾರ್ಜು” ಎಂದರು.

ಇಷ್ಟಕ್ಕೆ ಸುಮ್ಮನಿದ್ದಿದ್ದರೆ ನಾನು ಲೇಖಕನಾಗುತ್ತಿರಲಿಲ್ಲ. ಪತ್ರಿಕೆಯಲ್ಲಿ ಪೇಟದ ಫೋಟೋ ನೋಡಿ ನಮ್ಮ ಕಡೆಯ ಒಂದು ಜೋಡುಕರೆ ಕಂಬಳದವರು ಸನ್ಮಾನಕ್ಕೆ ಕರೆದರು. ಸಂಜೆ ಆರಕ್ಕೆ ಎಂದಿದ್ದರು. ಮಾರಾಟಕ್ಕೆಂದು ಒಂದು ಕಟ್ಟು ಪುಸ್ತಕವನ್ನೂ ಹೆಗಲಿಗೇರಿಸಿಕೊಂಡು ಹೋದೆ. ಪೇಟವನ್ನೂ ಇಟ್ಟುಕೊಂಡೇ ಹೋದೆ, ಮತ್ತೆ ಉಪಯೋಗಕ್ಕೆ ಬರುವುದು ಯಾವಾಗಲೋ. ವೇದಿಕೆಯ ಹತ್ತಿರ ಹೋಗುತ್ತಿದ್ದಂತೆ ಒಬ್ಬ ಸ್ವಯಂಸೇವಕ ತೋಳು ಹಿಡಿದು, “ಬ್ಯಾಂಡಿನವರು ಆ ಕಡೆ ನಿಲ್ಲಬೇಕು” ಎಂದು ದೂಡಿದ.

ಕಂಬಳದ ಹೊತ್ತು ಗಡಿಯಾರದ ಹೊತ್ತಲ್ಲ. ಕನೆ ಹಲಗೆ, ಅಡ್ಡ ಹಲಗೆ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ. ಎಲ್ಲ ಮುಗಿಯುವಾಗ ಮರುದಿನವಾಗುತ್ತದೆ. ಆರು ಗಂಟೆಗೆ ಶಾಸಕರು ಬಂದರು, ಎಂಟಕ್ಕೆ ಸಿನಿಮಾದವರು ಬಂದರು. ಹನ್ನೊಂದಕ್ಕೆ ನನ್ನ ಹೆಸರು ಕರೆದರು, ಅಷ್ಟರಲ್ಲಿ ಗಂತಿನಲ್ಲಿ ಕೋಣ ಬಿಟ್ಟಾಯಿತು ಎಂದು ಮೈಕು ಕಸಿದುಕೊಂಡರು. ಕೂರುವುದು ಸುಲಭದ ಕೆಲಸ ಎಂದು ನಾನು ತಿಳಿದದ್ದು ಸುಳ್ಳು. ಅತ್ತ ಕೋಣಗಳಿಗೆ ಬೇಯಿಸಿದ ಹುರುಳಿ, ಮೈಗೆ ಎಣ್ಣೆ, ನೆರಳಿಗೆ ಚಪ್ಪರ, ತಿವಿಯುವ ಸೊಳ್ಳೆಗೆ ಫ್ಯಾನು. ಇತ್ತ ನನಗೆ ಆರಿದ ಗೋಳಿಬಜೆ. ಬೆಳಗಿನ ಜಾವ ನನ್ನ ಸನ್ಮಾನ ಆಯಿತು: ಒಂದು ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು. ಹಳೆಯ ಕಾಲದ ಕಂಬಳದಲ್ಲಿ ಗೆದ್ದ ಕೋಣಕ್ಕೆ ಏನು ಸಲ್ಲುತ್ತಿತ್ತೋ ಅದೇ. ಗೆದ್ದ ಈಗಿನ ಕೋಣ ಎರಡು ಪವನು ಚಿನ್ನ ತೆಗೆದುಕೊಂಡು ಡೋಲು, ಕೊಂಬಿನ ಸಮೇತ ನನ್ನೆದುರೇ ಹೋಯಿತು. ರಾಜ್ಯೋತ್ಸವ ಪ್ರಶಸ್ತಿಯ ಪದಕ 25 ಗ್ರಾಂ, ಕೋಣದ್ದು 16 ಗ್ರಾಂ. ಒಂಬತ್ತೇ ಗ್ರಾಂ ಕಡಿಮೆ. ಅದೂ ಅರವತ್ತು ವರ್ಷ ತುಂಬದೆ.

ಕಟ್ಟಿನ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದಾಗ ಕೋಣದ ಯಜಮಾನರೊಬ್ಬರು ಬಂದು ಪುಸ್ತಕ ಎಷ್ಟು ಎಂದರು. ಬಂಟ್ವಾಳದ ಕಡೆಯವರು. ಹಿಂದಿನ ಪುಟಗಳ ಪಟ್ಟಿ ತೆಗೆದು, ಮೊಬೈಲಿನ ಬೆಳಕಿನಲ್ಲಿ ಬೆರಳಿಟ್ಟು ಇಳಿಯುತ್ತ ಬಂದು ಒಂದು ಕಡೆ ನಿಂತರು.

“ಇದು ನಮ್ಮ ಮನೆಯಲ್ವಾ?”

“ಹೌದು.”

“ಮಾಯವಾಗಿದೆ ಅಂತ ಅಚ್ಚು ಹಾಕಿದ್ದೀರಿ.”

“ನಿಂತು ಮೂವತ್ತು ವರ್ಷ ಆಗಿಲ್ವಾ?”

“ನಿಂತದ್ದು ಬೇರೆ ಮಾರಾಯ್ರೆ, ಮಾಯವಾದದ್ದು ಬೇರೆ. ಗದ್ದೆ ಇನ್ನೂ ಅಲ್ಲೇ ಉಂಟು, ಬೇಸಾಯವಿಲ್ಲದೆ ಹಡೀಲು ಬಿದ್ದಿದೆ ಅಷ್ಟೇ. ನಾಲ್ಕು ಜನ ಓದಿದರೆ ನನ್ನ ಮರ್ಯಾದೆ ಏನು?” ಎಂದವರು ಕಟ್ಟನ್ನೇ ಎತ್ತಿಕೊಂಡರು. ಮುಖಬೆಲೆಗೆ, ಒಂದು ಪೈಸೆ ರಿಯಾಯಿತಿ ಕೇಳದೆ, ಪೂರಾ ಕಟ್ಟು. ಬೇರೆಯವರು ಓದಬಾರದೆಂದು ಯಾರೋ ನನ್ನ ಪುಸ್ತಕಕ್ಕೆ ದುಡ್ಡು ಕೊಟ್ಟದ್ದು ಅದೇ ಮೊದಲು. ಓದಬೇಕೆಂದು ಕೊಟ್ಟವರು ಅದಕ್ಕೆ ಮೊದಲೂ ಇರಲಿಲ್ಲ.

ಮುಂದಿನ ಕಂಬಳದ ಕಾಲಕ್ಕೆ ಅವರ ಮನೆಯಿಂದ ಕಾಗದ ಬಂತು. ಹೋದೆ. ಹಡೀಲು ಬಿದ್ದ ಗದ್ದೆಗೆ ನೀರು ಕಟ್ಟಿ ಉತ್ತಿದ್ದರು. ಎರಡೇ ಜೊತೆ ಕೋಣ, ಅದರಲ್ಲಿ ಒಂದು ನೆರೆಮನೆಯದು. ಸುತ್ತ ನೆಂಟರು, ಒಕ್ಕಲಿನವರ ಮಕ್ಕಳು ಮೊಮ್ಮಕ್ಕಳು, ರಜೆಯಲ್ಲಿ ಬಂದ ದುಬೈಯವರು. ಲೇಸರ್ ಇಲ್ಲ, ಯಾರು ಗೆದ್ದರೆಂದು ಒಮ್ಮತವೂ ಆಗಲಿಲ್ಲ. ಬಿದಿರ ಬಳೆಗೆ ಕೇಪುಳ ಹೂ ಸುತ್ತಲು ಬರುವವರು ಒಬ್ಬರೇ ಉಳಿದಿದ್ದರಂತೆ; ಅವರು ತೋರಿಸುತ್ತ ಹೋದ ಹಾಗೆ ಮಕ್ಕಳು ಸುತ್ತಿದ್ದು, ಒಂದೊಂದು ಬಳೆ ಒಂದೊಂದು ದಪ್ಪ. ಪೂಕರೆ ವಾಲಿಕೊಂಡೇ ನಿಂತಿತು. ಶಾಲು, ಹಾರ ಯಾರಿಗೂ ಇರಲಿಲ್ಲ. ಊಟಕ್ಕೆ ಕೂತಾಗ ಯಜಮಾನರು ಎಲ್ಲರಿಗೂ ಕೇಳುವ ಹಾಗೆ, “ಇನ್ನು ಆ ಪುಟ ಹರಿದು ಬಿಸಾಡಬೇಕು ನೀವು” ಎಂದರು.

ಅಚ್ಚಾದದ್ದನ್ನು ಹರಿಯಲಿಕ್ಕಾಗದು. ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಯಾವುದಾದರೂ ಪ್ರಶಸ್ತಿ ಸಮಿತಿಯ ಕಪಾಟಿನಿಂದ ನನ್ನ ಪುಸ್ತಕ ನಿಮ್ಮ ಕೈಗೆ ಬಂದರೆ ಪುಟ 47ರ ಮೂರನೆಯ ಹೆಸರಿಗೆ ದಯವಿಟ್ಟು ಗೀಟು ಹಾಕಿಕೊಳ್ಳಿ. ನಿಮ್ಮ ಮನೆಯ ಗದ್ದೆ ಪಟ್ಟಿಯಲ್ಲಿದ್ದು ಅವಮಾನವೆನಿಸಿದರೆ ಕೋಣ ಇಳಿಸಿ ತಿಳಿಸಿ, ಎರಡನೆಯ ಮುದ್ರಣದಲ್ಲಿ ತೆಗೆದುಹಾಕುತ್ತೇನೆ. ಅಟ್ಟದಲ್ಲಿ ಇನ್ನೂ ಕಟ್ಟುಗಳಿವೆ, ಕೇಳಿದವರಿಗೆ ಗೀಟು ಹಾಕಿಯೇ ಕಳುಹಿಸಿಕೊಡುತ್ತೇನೆ, ಅಂಚೆ ವೆಚ್ಚ ನನ್ನದು. ಮದುವೆಗೋ ನಾಟಕಕ್ಕೋ ಪೇಟ ಬೇಕಾದವರೂ ಕೇಳಬಹುದು.